ಬಣ್ಣಕ್ಕೆ ದುಡ್ಡು, ವೈರಿಗೆ ಟೇಪು

ಹಳೆ ಯೆಜ್ಡಿಗೆ ಮತ್ತೆ ಕಾಲ ಬಂದಿದೆ. ಒಂದು ಕಾಲಕ್ಕೆ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿದ್ದ ಗಾಡಿಯನ್ನು ಈಗ ನಮ್ಮ ಹುಡುಗರು ಊರೂರು ಸುತ್ತಿ ಹುಡುಕುತ್ತಿದ್ದಾರೆ. ಮತ್ತೋಡು ಕಡೆ ಯಾರದೋ ತೋಟದ ಮನೆಯಲ್ಲಿ ಒಂದು ನಿಂತಿದೆಯಂತೆ, ಶ್ರೀರಾಂಪುರದ ಹತ್ತಿರ ರಿಟೈರ್ಡ್ ಮೇಷ್ಟ್ರ ಹಿತ್ತಲಲ್ಲಿ ಇನ್ನೊಂದು ಇದೆಯಂತೆ ಅಂತ ವಾಟ್ಸಾಪಲ್ಲಿ ಸುದ್ದಿ ಓಡಾಡುತ್ತದೆ. ಸಿಕ್ಕ ಮೇಲೆ ಎಂಜಿನ್ ಬಿಚ್ಚಿಸುತ್ತಾರೆ, ಟ್ಯಾಂಕಿಗೆ ಬಣ್ಣ ಹೊಡೆಸುತ್ತಾರೆ, ಜೋಡಿ ಸೈಲೆನ್ಸರಿಗೆ ಕ್ರೋಮ್ ಹಾಕಿಸುತ್ತಾರೆ, ಸೀಟಿಗೆ ಹೊಸ ರೆಕ್ಸಿನ್. ಎರಡು ತಿಂಗಳಲ್ಲಿ ರೀಲು ರೆಡಿ.

ನನ್ನ ತಕರಾರು ರೀಲಿನಲ್ಲಿ ಕಾಣದ ಜಾಗದ ಬಗ್ಗೆ. ಟ್ಯಾಂಕಿನ ಅಡಿ, ಡೂಮಿನ ಒಳಗೆ, ಸೀಟಿನ ಕೆಳಗೆ ಹೋಗುವ ವೈರು. ಅದು ಮಾತ್ರ ಹಳೆಯದೇ. ಹರಿದಲ್ಲಿ ಟೇಪು, ತುಂಡಾದಲ್ಲಿ ಗಂಟು, ಫ್ಯೂಸ್ ಹೋದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ. ಬಣ್ಣದವನಿಗೆ ಕೇಳಿದಷ್ಟು ಎಣಿಸಿ ಕೊಟ್ಟವರು ವೈರಿಂಗ್ ಅಂದ ಕೂಡಲೇ, "ಅಣ್ಣಾ, ಲೈಟ್ ಹತ್ತಿದ್ರೆ ಸಾಕು, ಸ್ವಲ್ಪ ನೋಡಿ ಹಾಕ್ಕೊಡು" ಅನ್ನುತ್ತಾರೆ. ಲೈಟು ಹತ್ತುತ್ತದೆ ನಿಜ. ಹತ್ತುವುದೇ ಸಾಕು ಅನ್ನುವುದಾದರೆ ಈ ಲೇಖನ ಬೇಕಾಗಿರಲಿಲ್ಲ.

ಹಳೆ ಗಾಡಿ ಅಂದರೆ ಎಷ್ಟು ಹಳೆಯದು ಅಂತ ಮೊದಲು ಲೆಕ್ಕ ಹಾಕಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ, 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಅಂತ ಮತ್ತೆ ಬಂದವಲ್ಲ, ಅವು ಬೇರೆ ಕಂಪನಿಯ ಹೊಸ ಗಾಡಿಗಳು. ನಮ್ಮ ಕೊಟ್ಟಿಗೆಗಳಲ್ಲಿ ನಿಂತಿರುವ ಹಳೆ ಯೆಜ್ಡಿಗಳಲ್ಲಿ ತೀರಾ ಕೊನೆಯ ಕಾಲದ್ದಕ್ಕೂ ಈಗ ಮೂವತ್ತರ ಹತ್ತಿರ. ಜಾವಾ ಅಂತ ಟ್ಯಾಂಕಿನ ಮೇಲೆ ಬರೆದಿದ್ದರೆ ಐವತ್ತು ದಾಟಿರಬಹುದು. ಮನುಷ್ಯನಿಗೆ ಐವತ್ತಾದರೆ ಬಿಪಿ ನೋಡಿಸಿಕೊಳ್ಳಿ ಅನ್ನುತ್ತೇವೆ. ಗಾಡಿಯ ರಕ್ತನಾಳವನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಇದು ಯೆಜ್ಡಿಯ ಮಾತು ಮಾತ್ರ ಅಲ್ಲ. ನಮ್ಮ ತಾಲ್ಲೂಕಿನಲ್ಲಿ ಮದುವೆ ದಿಬ್ಬಣಕ್ಕೆ ಹೋಗುವ ಹಳೆ ಅಂಬಾಸಿಡರ್ ಇನ್ನೂ ಅಲ್ಲೊಂದು ಇಲ್ಲೊಂದು ಇವೆ. ಅಡಿಕೆ, ಕಾಯಿ ಹೊರುವ ಮಹೀಂದ್ರ ಜೀಪುಗಳಿವೆ. ಅಪ್ಪನ ಕಾಲದ ಟ್ರ್ಯಾಕ್ಟರ್ ಇದೆ. ಎಲ್ಲದರ ಹಣೆಬರಹವೂ ಒಂದೇ: ಎಂಜಿನ್ ಕೆಲಸಕ್ಕೆ ಮೆಕ್ಯಾನಿಕ್, ಬಣ್ಣಕ್ಕೆ ಪೇಂಟರ್, ವೈರಿಗೆ ಮಾತ್ರ ಆಗ ಯಾರು ಸಿಗುತ್ತಾರೋ ಅವರು.

ವಿಂಟೇಜ್ ಗಾಡಿ ಅಂದರೆ ಬೆಂಗಳೂರಿನ ಸಾಹುಕಾರರ ಕೆಂಪು ಸ್ಪೋರ್ಟ್ಸ್ ಕಾರು, ಅದಕ್ಕೂ ನಮಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ, ಅದೂ ಹತ್ತಿರದ್ದೇ. ಇಂಗ್ಲೆಂಡಿನಲ್ಲಿ ಎಂಜಿ, ಟ್ರಯಂಫ್ ಅಂತ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳು ಬರುತ್ತಿದ್ದವು. ಅವುಗಳ ಡೈನಮೊ, ಸ್ವಿಚ್ಚು, ಲೈಟುಗಳನ್ನೆಲ್ಲ ಹೆಚ್ಚಾಗಿ ಲ್ಯೂಕಾಸ್ ಕಂಪನಿ ಮಾಡುತ್ತಿತ್ತು. ರಾತ್ರಿ ಹೊತ್ತು ಲೈಟು ಕೈಕೊಟ್ಟು ಬೇಸತ್ತ ಅಲ್ಲಿನ ಮಾಲೀಕರು ತಮಾಷೆಗೆ ಲ್ಯೂಕಾಸ್‌ಗೆ "ಕತ್ತಲೆಯ ರಾಜಕುಮಾರ" ಅಂತ ಹೆಸರಿಟ್ಟಿದ್ದರು. ಅದೇ ಲ್ಯೂಕಾಸ್ 1960ರ ದಶಕದ ಆರಂಭದಲ್ಲಿ ಟಿವಿಎಸ್ ಜತೆ ಸೇರಿ ಮದ್ರಾಸಿನ ಪಾಡಿಗೆ ಬಂತು. ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿಯನ್ನೇ ಮೋಟು ಮಾಡಿ, ಅದರ ಮೇಲೆ ಬಾಡಿ ಕೂರಿಸಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ಹೊರತಂದರು. ಅಂಬಾಸಿಡರಿನ ಮೂಲವೂ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡೇ. ಹಾಗಾಗಿ ಲಂಡನ್ನಿನಲ್ಲಿ ಸ್ಪಿಟ್‌ಫೈರ್ ಇಟ್ಟುಕೊಂಡವನಿಗೂ ಹೊಸದುರ್ಗದಲ್ಲಿ ಹಳೆ ಅಂಬಾಸಿಡರ್ ಇಟ್ಟುಕೊಂಡವರಿಗೂ ಬಾನೆಟ್ ಎತ್ತಿದರೆ ಕಾಣುವುದು ಒಂದೇ ಜಾತಿಯ ವೈರಿಂಗು, ಕಾಡುವುದು ಒಂದೇ ಜಾತಿಯ ಕಾಯಿಲೆ. ವ್ಯತ್ಯಾಸ ಇಷ್ಟೆ, ಅಲ್ಲಿನವನು ಹಳೆ ವೈರನ್ನು ಪೂರ್ತಿ ಕಿತ್ತು ಹೊಸ ಹಾರ್ನೆಸ್ ಕೂರಿಸುವುದನ್ನು ದೊಡ್ಡ ಕೆಲಸ ಅಂತ ಭಾವಿಸುತ್ತಾನೆ, ವಾರಗಟ್ಟಲೆ ಕೂತು ಮಾಡುತ್ತಾನೆ. ನಾವು ಟೀ ಕುಡಿದು ಬರುವಷ್ಟರಲ್ಲಿ ಆಗಬೇಕು ಅನ್ನುತ್ತೇವೆ.

ವೈರು ಹೇಗೆ ಹಾಳಾಗುತ್ತದೆ ಅನ್ನುವುದನ್ನು ನೋಡೋಣ, ಯಾಕೆಂದರೆ ಅಲ್ಲೇ ಎಲ್ಲರೂ ಮೋಸ ಹೋಗುವುದು. ಹೊರಗೆ ಟೇಪು ಚೆನ್ನಾಗಿ ಸುತ್ತಿದ್ದರೆ ಒಳಗೂ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ತೀರಾ ಹಳೆ ಗಾಡಿಗಳಲ್ಲಿ ತಾಮ್ರದ ಮೇಲೆ ರಬ್ಬರು, ಅದರ ಮೇಲೆ ನೂಲಿನ ಹೆಣಿಗೆ ಇರುತ್ತಿತ್ತು. ಆ ರಬ್ಬರು ಒಣಗಿ ಬಿರಿಯುತ್ತದೆ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಉದುರುತ್ತದೆ. ಆಮೇಲೆ ಬಂದ ಪ್ಲಾಸ್ಟಿಕ್ ಹೊದಿಕೆಯ ವೈರೂ ಎಂಜಿನ್ನಿನ ಬಿಸಿಗೆ ಮೆದುತನ ಕಳೆದುಕೊಂಡು ಕಡ್ಡಿಯಾಗುತ್ತದೆ. ನಮ್ಮ ಕಡೆ ಬಿಸಿಲು, ಧೂಳು ಎರಡೂ ಜಾಸ್ತಿ. ಗಾಡಿ ನಿಲ್ಲಿಸುವುದು ಕಾಯಿ ಗೋದಾಮಿನಲ್ಲಾದರೆ ಇಲಿ ಬೇರೆ.

ಇದಕ್ಕಿಂತ ಕೆಟ್ಟದ್ದು ತಾಮ್ರ ಕಪ್ಪಾಗುವುದು. ತುದಿಯಲ್ಲಿ ನೀರು, ಗಾಳಿ ಹೊಕ್ಕು ಎಳೆಗಳು ಕಪ್ಪು ಹಿಡಿಯುತ್ತವೆ, ಆ ಕಪ್ಪು ಹೊದಿಕೆಯ ಅಡಿಯಲ್ಲೇ ಒಳಕ್ಕೆ ಸರಿಯುತ್ತಾ ಹೋಗುತ್ತದೆ. ಎಲೆಕ್ಟ್ರಿಷಿಯನ್ ಒಂದು ಇಂಚು ಕತ್ತರಿಸಿ ಸುಲಿಯುತ್ತಾನೆ, ಕಪ್ಪು. ಇನ್ನೆರಡು ಇಂಚು ಸುಲಿಯುತ್ತಾನೆ, ಇನ್ನೂ ಕಪ್ಪು. ಅಂಥ ತಾಮ್ರಕ್ಕೆ ಬೆಸುಗೆಯ ಸೀಸ ಹಿಡಿಯುವುದಿಲ್ಲ. ಆಗ ತಿರುಚಿ, ಗಂಟು ಹಾಕಿ, ಟೇಪು ಸುತ್ತುತ್ತಾರೆ. ಅವತ್ತಿಗೆ ಲೈಟು ಹತ್ತುತ್ತದೆ. ಗಿರಾಕಿ ಖುಷಿಯಾಗಿ ಹೋಗುತ್ತಾನೆ.

ಈಗ ಸ್ವಲ್ಪ ಲೆಕ್ಕ. ಹೈಸ್ಕೂಲಿನಲ್ಲಿ ಓದಿದ್ದೇ, ಹೆದರಬೇಡಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಕರೆಂಟು ಹರಿಯುತ್ತದೆ ಅಂತ ಸಿಗುತ್ತದೆ. ಹಳೆ ಜಾವಾಗಳದ್ದು 6 ವೋಲ್ಟಿನ ಡೈನಮೊ, 6 ವೋಲ್ಟಿನ ಬ್ಯಾಟರಿ. 35 ವ್ಯಾಟಿನ ಬಲ್ಬು ಹಾಕಿದರೆ ಸುಮಾರು 6 ಆಂಪಿಯರ್ ಎಳೆಯುತ್ತದೆ. ಅದೇ ವ್ಯಾಟಿನ ಬಲ್ಬು 12 ವೋಲ್ಟಿನ ಗಾಡಿಯಲ್ಲಿ ಸುಮಾರು 3 ಆಂಪಿಯರ್ ಮಾತ್ರ ಎಳೆಯುತ್ತದೆ. ಅಂದರೆ 6 ವೋಲ್ಟಿನ ಗಾಡಿಗೆ ವೈರು ದಪ್ಪ ಇರಬೇಕು, ಜಾಯಿಂಟು ಬಿಗಿ ಇರಬೇಕು. ನಾವು ಮಾಡುವುದು ಉಲ್ಟಾ. ಹಳೆಯದಲ್ವಾ, ಚಿಕ್ಕ ಲೈಟಲ್ವಾ ಅಂತ ತೆಳ್ಳಗಿನ ವೈರು ಎಳೆಯುತ್ತೇವೆ.

ದಾರಿಯಲ್ಲಿ ಕರೆಂಟು ಸೋರಿದರೆ ಏನಾಗುತ್ತದೆ? ಕೆಟ್ಟ ಜಾಯಿಂಟುಗಳಲ್ಲಿ ಬರೀ 0.6 ವೋಲ್ಟ್ ಕಳೆದುಹೋಯಿತು ಅನ್ನಿ. 6 ವೋಲ್ಟಿನಲ್ಲಿ ಅದು ಹತ್ತನೇ ಒಂದು ಭಾಗ. ಆದರೆ ತಂತಿಯ ಬಲ್ಬಿನ ಬೆಳಕು ಹತ್ತನೇ ಒಂದು ಭಾಗ ಕಮ್ಮಿಯಾಗುವುದಿಲ್ಲ, ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತದೆ. "ಜಾವಾ ಲೈಟು ಅಂದ್ರೆ ಮಿಂಚುಹುಳ" ಅಂತ ಆಡಿಕೊಳ್ಳುತ್ತಾರಲ್ಲ, ಅದರಲ್ಲಿ ಕಾರ್ಖಾನೆಯ ಪಾಲು ಸ್ವಲ್ಪ, ಗಂಟು ಹಾಕಿದವರ ಪಾಲು ಹೆಚ್ಚು ಅಂತ ನನ್ನ ಅಭಿಪ್ರಾಯ. ಮಂಕು ಲೈಟಿನ ಬೆಲೆ ಏನು ಅನ್ನುವುದು ಹೊಳಲ್ಕೆರೆ ರಸ್ತೆಯಲ್ಲಿ ರಾತ್ರಿ ಬರುವವರಿಗೆ ಗೊತ್ತು. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ರಸ್ತೆ ಮೇಲೆ ಒಣಗಲು ಹಾಕಿದ ರಾಗಿ ತೆನೆ, ಅದರ ಸುತ್ತ ಇಟ್ಟ ಕಲ್ಲು. ನವೆಂಬರಿನಲ್ಲಿ ಸಾಣೇಹಳ್ಳಿ ನಾಟಕೋತ್ಸವ ಮುಗಿಸಿಕೊಂಡು ನಡುರಾತ್ರಿ ಹಳ್ಳಿಗೆ ವಾಪಸಾಗುವಾಗ ಎದುರಿನ ತಿರುವು ಕಾಣಬೇಕಾದರೆ ಟ್ಯಾಂಕಿನ ಬಣ್ಣ ಉಪಯೋಗಕ್ಕೆ ಬರುವುದಿಲ್ಲ.

ಕಾರು, ಜೀಪಿನ ವಿಷಯಕ್ಕೆ ಬಂದರೆ ಬೆಳಕಿಗಿಂತ ಬೆಂಕಿಯ ಭಯ. ಹಳೆ ಬ್ರಿಟಿಷ್ ಕಾರುಗಳಲ್ಲಿ ಬಹುಪಾಲಿಗೆ ಇಡೀ ಗಾಡಿಗೆ ಎರಡೇ ಫ್ಯೂಸ್. ಹೆಡ್‌ಲೈಟಿನ ಲೈನಿಗೆ ಫ್ಯೂಸೇ ಇರುತ್ತಿರಲಿಲ್ಲ, ಫ್ಯೂಸ್ ಹೋಗಿ ರಾತ್ರಿ ಏಕಾಏಕಿ ಕತ್ತಲಾಗಬಾರದು ಅನ್ನುವ ಲೆಕ್ಕ. ಹೊಸ ವೈರಿದ್ದಾಗ ಆ ಲೆಕ್ಕ ನಡೆಯುತ್ತಿತ್ತು. ನಲವತ್ತು ವರ್ಷದ ವೈರಿನಲ್ಲಿ ನಡೆಯುವುದಿಲ್ಲ. ಅದರ ಮೇಲೆ ನಮ್ಮವರು 60 ವ್ಯಾಟಿನ ಬಲ್ಬು ತೆಗೆದು 100 ವ್ಯಾಟಿನದು ಹಾಕಿಸುತ್ತಾರೆ. 60ರ ಎರಡು ಬಲ್ಬು 10 ಆಂಪಿಯರ್ ಎಳೆಯುತ್ತಿದ್ದರೆ 100ರ ಎರಡು ಬಲ್ಬು ಸುಮಾರು 17 ಎಳೆಯುತ್ತವೆ. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಹಿಂದಿನ ಹಳೆ ಸ್ವಿಚ್ಚಿನ ಮೂಲಕವೇ ಹೋಗಬೇಕು. ಆಮೇಲೆ ಗಾಳಿ ಹಾರ್ನು, ಫಾಗ್ ಲೈಟು, ದೇವರ ಫೋಟೊಗೆ ಮಿಣಿಮಿಣಿ ಬಲ್ಬು, ಮೊಬೈಲ್ ಚಾರ್ಜರು, ಎಲ್ಲದಕ್ಕೂ ಅದೇ ಒಂದು ಎಳೆಯಿಂದ ಕವಲು.

10 ಆಂಪಿಯರ್ ಹರಿಯುವ ಒಂದು ಜಾಯಿಂಟಿನಲ್ಲಿ 0.1 ಓಮ್ ತಡೆ ಇದ್ದರೆ ಅಲ್ಲಿ 10 ವ್ಯಾಟ್ ಬಿಸಿ ಹುಟ್ಟುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ರೇಡಿಯೊ ರಿಪೇರಿಯವರ ಹತ್ತಿರ ಇರುವ ಚಿಕ್ಕ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದು ಸೀಸ ಕರಗಿಸುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ 10 ವ್ಯಾಟ್ ಅಂದರೆ ಟೇಪು ಕರಗುವುದಕ್ಕೆ ಧಾರಾಳ ಸಾಕು. ಟೇಪು ಕರಗಿತು, ಬರಿ ತಾಮ್ರ ಬಾಡಿಗೆ ತಗುಲಿತು, ಫ್ಯೂಸಿನ ಜಾಗದಲ್ಲಿ ಬೆಳ್ಳಿ ಹಾಳೆ ಇದೆ. ಹತ್ತಿರದಲ್ಲೇ ಪೆಟ್ರೋಲ್ ಪೈಪು. ಮುಂದಿನದನ್ನು ನಾನು ಬರೆಯಬೇಕಿಲ್ಲ.

ಹಳೆ ಗಾಡಿಯವರಲ್ಲಿ ಬಹಳ ಜನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಕಟ್ಟಿರುತ್ತಾರೆ. ಬೇರೆಯವರಿಗೆ ನಿಮ್ಮ ಗಾಡಿಯಿಂದ ತೊಂದರೆಯಾದರೆ ಅದು ಕೊಡುತ್ತದೆ. ನಿಮ್ಮದೇ ಗಾಡಿ ಸುಟ್ಟರೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯಿಂದ ಮೇವಿನ ಬಣವೆಗೆ ಹಬ್ಬಿದರೆ ಅದರ ನಷ್ಟ ಕೇಳುವುದಕ್ಕೆ ಯಾವ ಬಾಗಿಲೂ ಇಲ್ಲ.

ಹಾಗಾದರೆ ಎಲ್ಲರೂ ಪೂರ್ತಿ ವೈರಿಂಗ್ ಕಿತ್ತು ಎಸೆಯಬೇಕೇ? ಇಲ್ಲ. ಇಲ್ಲಿ ಎರಡು ಕಡೆಯವರೂ ಅತಿ ಮಾಡುತ್ತಾರೆ. ಒಂದು ಕಡೆ ಟೇಪಿನವರು, ಇನ್ನೊಂದು ಕಡೆ ಗಾಡಿ ನೋಡುವ ಮೊದಲೇ "ಫುಲ್ ವೈರಿಂಗ್ ಹೋಗಿದೆ ಸಾರ್" ಅನ್ನುವವರು. ಹಳೆ ಗಾಡಿಯ ಲೈಟಿನ ಕಾಯಿಲೆಯಲ್ಲಿ ಬಹಳಷ್ಟು ವೈರಿನದ್ದೇ ಅಲ್ಲ, ಅರ್ತಿನದು. ಕರೆಂಟು ಹೋದ ಮೇಲೆ ವಾಪಸ್ ಬರುವುದು ಗಾಡಿಯ ಬಾಡಿಯ ಮೂಲಕ. ಹೊಸ ಬಣ್ಣ ಹೊಡೆಸಿದಾಗ ಅರ್ತ್ ಬೋಲ್ಟಿನ ಜಾಗಕ್ಕೂ ಬಣ್ಣ ಕೂರುತ್ತದೆ, ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬಣ್ಣ ಹೊಡೆಸುವ ಮೊದಲು ಚೆನ್ನಾಗಿದ್ದ ಲೈಟು ಆಮೇಲೆ ಮಂಕಾಯಿತು ಅಂತ ದೂರುವವರು ಮೊದಲು ಅಲ್ಲಿ ಉಪ್ಪು ಕಾಗದದಲ್ಲಿ ಉಜ್ಜಿ ನೋಡಬೇಕು.

ಪರೀಕ್ಷೆ ಕಷ್ಟದ್ದಲ್ಲ. ಒಂದು ಸಾದಾ ಮಲ್ಟಿಮೀಟರ್ ಸಾಕು, ಮೋಟಾರು ರಿಪೇರಿಯವರ ಹತ್ತಿರ, ಮನೆ ವೈರಿಂಗ್‌ನವರ ಹತ್ತಿರ ಎಲ್ಲ ಇರುತ್ತದೆ. ಡಿಸಿ ವೋಲ್ಟಿಗೆ ಇಟ್ಟು, ಹೆಡ್‌ಲೈಟ್ ಹಾಕಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಬಲ್ಬಿಗೆ ಕರೆಂಟು ಬರುವ ಪಿನ್ನಿಗೆ ಹಿಡಿಯಿರಿ. ಮೀಟರು ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟು. 12 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೈರು, ಸ್ವಿಚ್ಚು, ಜಾಯಿಂಟು ನೋಡಿಸಬೇಕು. 6 ವೋಲ್ಟಿನ ಗಾಡಿಯಲ್ಲಿ ಅದರ ಅರ್ಧವೂ ಹೆಚ್ಚೇ. ಆಮೇಲೆ ಒಂದು ಕಡ್ಡಿಯನ್ನು ಬಲ್ಬಿನ ಅರ್ತ್ ಕಡೆಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದು ಇದೇ ರೀತಿ ನೋಡಿ. ಅಲ್ಲಿ ಹೆಚ್ಚು ತೋರಿಸಿದರೆ ನಿಮ್ಮ ವೈರು ಪಾಪ ಮಾಡಿಲ್ಲ, ಅರ್ತ್ ಸರಿಯಿಲ್ಲ. ಒಂದು ಎಚ್ಚರಿಕೆ: 1960ರ ದಶಕದ ನಡುವಿನವರೆಗಿನ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಬಾಡಿಗೆ ಕಟ್ಟಿರುತ್ತಿದ್ದರು. ಅಂಥ ಗಾಡಿಗೆ ತಿಳಿಯದೆ ಹೊಸ ಕಾಲದ ಚಾರ್ಜರ್, ಟೇಪ್‌ರೆಕಾರ್ಡರ್ ಜೋಡಿಸಿದರೆ ಹೊಗೆ ಬರುವುದು ಖಂಡಿತ. ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಅಂತ ಕಣ್ಣಲ್ಲಿ ನೋಡಿಯೇ ಕೆಲಸ ಶುರುಮಾಡಿ.

ಪೂರ್ತಿ ಬದಲಿಸಲೇಬೇಕಾದ ಗಾಡಿಯನ್ನು ಗುರುತಿಸುವುದೂ ಸುಲಭ. ವೈರನ್ನು ಬೆರಳಿಗೆ ಸುತ್ತಿದರೆ ಹೊದಿಕೆ ಬಿರುಕು ಬಿಡುತ್ತದಾ? ಮೂರು ನಾಲ್ಕು ಕಡೆ ಸುಲಿದು ನೋಡಿದರೆ ಎಲ್ಲೆಲ್ಲೂ ಕಪ್ಪಾ? ಒಂದೇ ಲೈನಿನಲ್ಲಿ ಎರಡು ಮೂರು ಬಣ್ಣದ ವೈರು ಗಂಟು ಬಿದ್ದಿವೆಯಾ? ಇಷ್ಟಕ್ಕೂ ಹೌದು ಅನ್ನುವುದಾದರೆ ಇನ್ನು ರಿಪೇರಿಗೆ ಕೊಡುವ ಪ್ರತಿ ರೂಪಾಯಿಯೂ ಹೊಳೆಗೆ ಹಾಕಿದ ಹುಣಸೆಹಣ್ಣು. ಇವತ್ತು ಹಾರ್ನಿನದು, ಬರುವ ತಿಂಗಳು ಬ್ರೇಕ್ ಲೈಟಿನದು, ಆಮೇಲೆ ಚಾರ್ಜಿಂಗ್. ವರ್ಷದಲ್ಲಿ ಕೂಡಿಸಿ ನೋಡಿದರೆ ಹೊಸ ಹಾರ್ನೆಸ್ಸಿನ ದುಡ್ಡು ಖರ್ಚಾಗಿರುತ್ತದೆ, ಹಾರ್ನೆಸ್ ಮಾತ್ರ ಹಳೆಯದೇ ಇರುತ್ತದೆ. ಬಣ್ಣಕ್ಕೆ ಬಿಚ್ಚಿದ ಗಾಡಿಗಂತೂ ಇನ್ನೊಮ್ಮೆ ಯೋಚನೆಯೇ ಬೇಡ. ಟ್ಯಾಂಕು, ಡೂಮು, ಸೀಟು ಎಲ್ಲ ಕಳಚಿ ಅಸ್ಥಿಪಂಜರ ನಿಂತಿರುವಾಗ ವೈರು ಎಳೆಯುವುದು ಅರ್ಧ ಕೆಲಸ. ಎಲ್ಲ ಜೋಡಿಸಿ ಪಾಲಿಶ್ ಹೊಡೆದ ಮೇಲೆ ಅದೇ ಕೆಲಸ ಎರಡರಷ್ಟು, ಹೊಸ ಬಣ್ಣಕ್ಕೆ ಗೀರು ಬೇರೆ.

ಹಾರ್ನೆಸ್ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಜಾವಾ, ಯೆಜ್ಡಿಗೆ ಹಳೆಯದರ ಮಾದರಿಯಲ್ಲೇ ಮಾಡಿದ ರೆಡಿ ಸೆಟ್ಟುಗಳು ಬರುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಆನ್‌ಲೈನಿನಲ್ಲೂ ಇವೆ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ಲು ಯಾವುದು, 6 ವೋಲ್ಟೋ 12 ವೋಲ್ಟೋ ಹೇಳಿ ಕೊಳ್ಳಿ. ಆದರೆ ನಾನು ಹೆಚ್ಚು ನಂಬುವುದು ಕೈಯಲ್ಲಿ ಕಟ್ಟಿದ್ದನ್ನು, ಕಟ್ಟುವವರು ತಿಳಿದವರಾದರೆ. ಆ ಕೆಲಸ ನೋಡುವುದೇ ಚೆಂದ. ಹಳೆ ಹಾರ್ನೆಸ್ಸನ್ನು ಕತ್ತರಿಸದೆ ಇಡಿಯಾಗಿ ಬಿಡಿಸಿ ಪ್ಲೈವುಡ್ ಹಲಗೆಯ ಮೇಲೆ ಚಾಚುತ್ತಾರೆ. ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆಯುತ್ತಾರೆ. ಆ ಮೊಳೆಗಳ ದಾರಿಯಲ್ಲೇ ಹೊಸ ವೈರು ಎಳೆದು, ಒಂದೊಂದೇ ಕವಲು ಕಟ್ಟಿ, ತುದಿಗೆ ಥಿಂಬಲ್ ಒತ್ತಿ, ಸ್ಲೀವ್ ಹಾಕುತ್ತಾರೆ. ಹೂ ಕಟ್ಟುವ ಹೆಂಗಸರ ಕೈಯ ಹಾಗೆ ಒಂದು ಲಯ ಇರುತ್ತದೆ ಅದರಲ್ಲಿ. ಎರಡು ದಿನ ಹಿಡಿಯುತ್ತದೆ. ಹಿಡಿಯಲಿ.

ಬಿಚ್ಚುವ ಮೊದಲು ನಿಮ್ಮ ಕೆಲಸ ಒಂದಿದೆ. ಕೈಯಲ್ಲಿ ಫೋನಿದೆಯಲ್ಲ, ರೀಲಿಗೆ ಮಾತ್ರ ಬಳಸಬೇಡಿ. ಪ್ರತಿ ಕನೆಕ್ಷನ್ನಿನ ಫೋಟೊ ತೆಗೆಯಿರಿ, ಯಾವ ವೈರು ಯಾವ ಪಿನ್ನಿಗೆ ಅನ್ನುವುದು ಕಾಣುವ ಹಾಗೆ. ಪೇಪರ್ ಟೇಪಿನ ಮೇಲೆ "ಹಾರ್ನ್", "ಬ್ರೇಕ್", "ಡೈನಮೊ" ಅಂತ ಬರೆದು ಆಯಾ ತುದಿಗೆ ಅಂಟಿಸಿ.

ವೈರಿನ ವಿಷಯದಲ್ಲಿ ಮೂರು ಹಟ ನಿಮಗಿರಲಿ. ಮನೆ ಕಟ್ಟಿದಾಗ ಉಳಿದ ವೈರು ಗಾಡಿಗೆ ಬೇಡವೇ ಬೇಡ. ಅದು ಗೋಡೆಯೊಳಗೆ ಅಲುಗಾಡದೆ ಕೂರುವುದಕ್ಕೆ ಮಾಡಿದ್ದು, ದಪ್ಪ ಎಳೆ, ಗಾಡಿಯ ನಡುಕಕ್ಕೆ ಒಂದೊಂದೇ ಎಳೆ ಮುರಿಯುತ್ತದೆ. ಗಾಡಿಗೆ ಸಣ್ಣ ಎಳೆ ಬಹಳ ಇರುವ ಆಟೊ ವೈರೇ ಆಗಬೇಕು. ಎರಡನೆಯದು, ಅದು ಪೂರ್ತಿ ತಾಮ್ರವೇ ಇರಬೇಕು. ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರದ ಲೇಪ ಕೊಟ್ಟು ತಾಮ್ರದ ಬಣ್ಣದಲ್ಲೇ ಮಾರುವ ವೈರು ಮಾರ್ಕೆಟ್ಟಿನಲ್ಲಿದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು, ಬೆಸುಗೆಗೂ ಸರಿಯಾಗಿ ಕೂರುವುದಿಲ್ಲ. ಮೂರನೆಯದು ಬಣ್ಣ. ಹೌದು, ಇಲ್ಲಿ ಬಣ್ಣ ಮುಖ್ಯ! ನಮ್ಮಲ್ಲಿ ಇರುವ ಕೆಂಪು, ಕಪ್ಪು ಎರಡೇ ಬಣ್ಣದಲ್ಲಿ ಇಡೀ ಗಾಡಿ ಮುಗಿಸಿಬಿಡುತ್ತಾರೆ. ಮುಂದೆ ಕೆಟ್ಟರೆ ಹಾಕಿದವನಿಗೇ ಗೊತ್ತಾಗುವುದಿಲ್ಲ. ಲ್ಯೂಕಾಸಿನವರ ಪದ್ಧತಿ ಎಷ್ಟು ಚೊಕ್ಕಟ ನೋಡಿ: ಬ್ಯಾಟರಿಯಿಂದ ನೇರ ಬರುವುದು ಕಂದು, ಕೀ ತಿರುಗಿಸಿದ ಮೇಲೆ ಬರುವುದು ಬಿಳಿ, ಅದೇ ಫ್ಯೂಸ್ ದಾಟಿದರೆ ಹಸಿರು, ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ ಕೆಂಪು, ಅರ್ತಿಗೆ ಕಪ್ಪು. ಆ ಕಾಲದ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದರೂ ಇದೇ ಬಣ್ಣ. ಭಾಷೆ ಬರದ ಊರಲ್ಲಿ ಕೆಟ್ಟು ನಿಂತರೂ ಅಲ್ಲಿನ ಎಲೆಕ್ಟ್ರಿಷಿಯನ್ ಈ ಬಣ್ಣಗಳನ್ನು ಓದಬಲ್ಲ.

ಹೊಸದಾಗಿ ಹಾಕುವಾಗ ಕಾರ್ಖಾನೆಯಲ್ಲಿ ಇದ್ದ ಹಾಗೇ ಇರಬೇಕು, ಒಂದು ಫ್ಯೂಸೂ ಜಾಸ್ತಿ ಬೇಡ ಅನ್ನುವ ಶುದ್ಧಾಚಾರದವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹೊರಗೆ ಹಳೆಯದರಂತೆ ಕಾಣಬೇಕಾದರೆ ಮೇಲೆ ಕಪ್ಪು ಬಟ್ಟೆ ಟೇಪು ಸುತ್ತಿಸಿ, ಡೂಮಿನ ಸ್ವಿಚ್ಚು, ಮೀಟರು ಹಳೆಯದನ್ನೇ ಶುದ್ಧ ಮಾಡಿ ಉಳಿಸಿ. ಅವನ್ನು ಉಳಿಸಲೇಬೇಕು, ಈಗ ಸಿಗುವ ನಕಲಿಗಿಂತ ಹಳೆ ಸ್ವಿಚ್ಚು ಎಷ್ಟೋ ಗಟ್ಟಿ. ಆದರೆ ಹೆಡ್‌ಲೈಟಿಗೆ ಒಂದು ಫ್ಯೂಸ್, ಕಾರು ಜೀಪಿಗೆ ಒಂದು ರಿಲೇ ಸೇರಿಸುವುದರಿಂದ ಗಾಡಿಯ ಮಾನ ಹೋಗುವುದಿಲ್ಲ. ರಿಲೇ ಹಾಕಿದರೆ ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಲೈಟಿಗೆ ಹೋಗುತ್ತದೆ, ಹಳೆ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಸಣ್ಣ ಕೆಲಸ ಮಾತ್ರ ಮಾಡುತ್ತದೆ. 6ರಿಂದ 12 ವೋಲ್ಟಿಗೆ ಹೋಗುವುದಾದರೆ ಬ್ಯಾಟರಿ ಬದಲಿಸಿದರೆ ಮುಗಿಯಲಿಲ್ಲ. ಚಾರ್ಜಿಂಗ್, ಕಟ್‌ಔಟ್, ಕಾಯಿಲ್, ಹಾರ್ನ್, ಪ್ರತಿಯೊಂದು ಬಲ್ಬು, ಎಲ್ಲ ಅದಕ್ಕೆ ತಕ್ಕಂತೆ ಇರಬೇಕು. ಎಲ್‌ಇಡಿ ಹಾಕಿಸುವವರು ಇದ್ದಾರೆ, ಕರೆಂಟು ಕಮ್ಮಿ ಎಳೆಯುತ್ತದೆ, ತಪ್ಪಿಲ್ಲ. ಎದುರಿನಿಂದ ಬರುವವನ ಕಣ್ಣು ಕುರುಡು ಮಾಡುವ ಅಗ್ಗದ್ದನ್ನು ಮಾತ್ರ ಹಾಕಿಸಬೇಡಿ.

ಇನ್ನು ದುಡ್ಡಿನ ಮಾತು. ಆಟೊ ಎಲೆಕ್ಟ್ರಿಷಿಯನ್ನನ ಕೂಲಿ ವಿಷಯದಲ್ಲಿ ನಾವು ಮಾಡುವಷ್ಟು ಚೌಕಾಸಿ ತರಕಾರಿ ಸಂತೆಯಲ್ಲೂ ಮಾಡುವುದಿಲ್ಲ. ಕಾರಣ ಸರಳ, ಅವನು ಮಾಡಿದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಎರಡು ಗಂಟೆ ಹುಡುಕಿ, ಕೊನೆಗೆ ಒಂದು ಬೋಲ್ಟು ಉಜ್ಜಿ ಬಿಗಿ ಮಾಡಿದರೆ, "ಒಂದು ಬೋಲ್ಟಿಗೆ ಇಷ್ಟಾ?" ಅನ್ನುತ್ತೇವೆ. ಬೋಲ್ಟಿಗಲ್ಲ, ಹುಡುಕಿದ್ದಕ್ಕೆ. ಅವನು ಹುಡುಕದೆ ಎಲ್ಲಿಂದಲೋ ಒಂದು ಹೊಸ ವೈರು ನೇರ ಎಳೆದು ಹತ್ತು ನಿಮಿಷದಲ್ಲಿ ಲೈಟು ಹತ್ತಿಸಿದ್ದರೆ ನಾವು ಖುಷಿಯಾಗಿ ಕೊಡುತ್ತಿದ್ದೆವು. ಹೀಗೆ ಕೆಟ್ಟ ಕೆಲಸಕ್ಕೆ ಬೇಗ ದುಡ್ಡು, ಒಳ್ಳೆ ಕೆಲಸಕ್ಕೆ ಜಗಳ ಅಂತಾದರೆ ಯಾರು ಒಳ್ಳೆ ಕೆಲಸ ಮಾಡುತ್ತಾರೆ? ಟೇಪು ಸುತ್ತುವುದನ್ನು ಅವರಿಗೆ ಕಲಿಸಿದ್ದು ಗಿರಾಕಿಗಳಾದ ನಾವೇ.

ಕೈಯಲ್ಲಿ ಹಾರ್ನೆಸ್ ಕಟ್ಟಬಲ್ಲವರು, ಡೈನಮೊ ಬಿಚ್ಚಿ ಕಾರ್ಬನ್ ಬ್ರಷ್ ಕೂರಿಸಿ, ಕಟ್‌ಔಟಿನ ಪಾಯಿಂಟು ಉಜ್ಜಿ ಹದ ಮಾಡಬಲ್ಲವರು ನಮ್ಮ ಜಿಲ್ಲೆಯಲ್ಲಿ ವಯಸ್ಸಾಗುತ್ತಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ, ಬರಬೇಕು ಅಂತ ಹೇಳಲು ನಮಗೆ ಬಾಯಿಯೂ ಇಲ್ಲ, ಕೂಲಿ ನೋಡಿದರೆ. ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅನ್ನುವ ಎರಡು ವರ್ಷದ ಕೋರ್ಸಿದೆ. ಅಲ್ಲಿನ ಹುಡುಗರಿಗೆ ವಾರಕ್ಕೊಂದು ದಿನ ಇಂಥ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಗೌರವಧನ ಕೊಟ್ಟು, ಒಂದು ಹಳೆ ಜೀಪಿನ ವೈರಿಂಗ್ ಪೂರ್ತಿ ಕಟ್ಟಿಸಿದರೆ ಏನು ಕಷ್ಟ? ಹಳೆ ಗಾಡಿಯಲ್ಲಿ ಕರೆಂಟಿನ ದಾರಿ ಕಣ್ಣಿಗೆ ಕಾಣುತ್ತದೆ, ಒಂದೊಂದು ವೈರಿಗೂ ಒಂದೊಂದೇ ಕೆಲಸ. ಅದನ್ನು ಕೈಯಾರೆ ಕಟ್ಟಿದ ಹುಡುಗ ನಾಳೆ ಎಲೆಕ್ಟ್ರಿಕ್ ಸ್ಕೂಟರ್ ಬಿಚ್ಚುವಾಗಲೂ ವೋಲ್ಟು ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕುವುದು ಇದೇ ರೀತಿಯಲ್ಲೇ.

ಆರ್‌ಟಿಒ ಕಡೆಯಿಂದಲೂ ಒಂದು ಮಾತು ಆಗಬೇಕು. ಸ್ವಂತ ಗಾಡಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವನ್ನು ಬೈಕಿಗೆ 300ರಿಂದ 1,000 ರೂಪಾಯಿಗೆ, ಕಾರಿಗೆ 600ರಿಂದ 5,000 ರೂಪಾಯಿಗೆ ಏರಿಸಿದರು. ಐವತ್ತು ವರ್ಷ ದಾಟಿದ್ದಕ್ಕೆ ವಿಂಟೇಜ್ ಅಂತ ಬೇರೆ ನೋಂದಣಿ ಪದ್ಧತಿಯನ್ನೂ 2021ರಲ್ಲಿ ತಂದರು. ಹಳೆ ಗಾಡಿಯಿಂದ ಇಷ್ಟು ಹೆಚ್ಚು ವಸೂಲಿ ಮಾಡುವುದಾದರೆ ಆ ಹೊತ್ತಿಗೆ ಹಾರ್ನ್ ಒತ್ತಿಸಿ, ಲೈಟು ಹತ್ತಿಸಿ ನೋಡುವುದಷ್ಟೇ ಅಲ್ಲದೆ, ಫ್ಯೂಸಿನ ಡಬ್ಬಿ ತೆಗೆದು ಒಳಗೆ ಫ್ಯೂಸಿದೆಯೋ ಬೆಳ್ಳಿ ಹಾಳೆ ಇದೆಯೋ ನೋಡಲಿ. ಅದಕ್ಕೆ ಯಂತ್ರ ಬೇಡ, ಅರ್ಧ ನಿಮಿಷ ಸಾಕು. ಶುಲ್ಕ ಏರಿಸಿದ್ದಕ್ಕೆ ಬೈಯುವ ನಾವೂ ಅಷ್ಟು ಪರೀಕ್ಷೆಯನ್ನು ಬೇಡ ಅನ್ನಲಾರೆವು.

ಅಲ್ಲಿಯವರೆಗೆ, ಹಳೆ ಗಾಡಿಯನ್ನು ಕೊಟ್ಟಿಗೆಯಲ್ಲೋ ಕಾಯಿ ಗೋದಾಮಿನಲ್ಲೋ ವಾರಗಟ್ಟಲೆ ನಿಲ್ಲಿಸುವವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಗಾಡಿ ಆಫ್ ಮಾಡಿ, 10 ನಂಬರ್ ಸ್ಪ್ಯಾನರ್ ತಗೊಂಡು ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ಕೇಬಲ್ ಕಳಚಿ, ತುದಿಗೆ ಒಂದು ಬಟ್ಟೆ ಸುತ್ತಿ ಬದಿಗಿಡಿ. ಸ್ಪ್ಯಾನರ್ ಯಾವುದು ಕೂರುತ್ತದೆ ಅನ್ನುವುದು ನಿಮ್ಮ ಟರ್ಮಿನಲ್ ಮೇಲೆ, 10 ಆಗದಿದ್ದರೆ 12-13 ನೋಡಿ. ಜೀಪು, ಕಾರಿನವರು ಅದೇ ಕೇಬಲ್ಲಿಗೆ ಕೈಯಲ್ಲಿ ತಿರುಗಿಸುವ ಕಟ್‌ಆಫ್ ಸ್ವಿಚ್ ಹಾಕಿಸಿಕೊಳ್ಳಬಹುದು, ಲಾರಿಯವರ ಹತ್ತಿರ ಕೇಳಿದರೆ ತೋರಿಸುತ್ತಾರೆ. ಇಲಿ ಕಡಿದರೂ ಆ ರಾತ್ರಿ ಏನೂ ಆಗುವುದಿಲ್ಲ.